ಎದೆ ಡವಗುಟ್ಟುತ್ತದೆ, ಬಿಕ್ಕಳಿಕೆಯೂ ಬಿಡುತ್ತಿಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ. ರಾತ್ರಿ ಊಟ ಮುಗಿಸಿ ಮಲಗಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ನಡುವೆ ಒಂದು ಬಡಿತ ತಪ್ಪಿದಂತಾಗಿ, ಆಮೇಲೆ ಒಳಗಿನಿಂದ ಗುದ್ದಿದ ಹಾಗಾಗುತ್ತದೆ. ಹುಳಿತೇಗು ಬೇರೆ, ಹಗಲೆಲ್ಲ ಬಿಟ್ಟು ಬಿಟ್ಟು ಬಿಕ್ಕಳಿಕೆ. ಇಸಿಜಿ ಸರಿಯಿದೆ ಎಂದರು. ಆದರೂ ಹೆದರಿಕೆ ಹೋಗಿಲ್ಲ. ಇವೆರಡಕ್ಕೂ ಏನಾದರೂ ನಂಟಿದೆಯೇ?

ಉತ್ತರ: ನಂಟು ಇರಬಹುದಮ್ಮ. ಹುಳಿತೇಗು ಎಂದು ಬರೆದಿದ್ದೀರಲ್ಲ, ನನ್ನ ಗಮನ ಮೊದಲು ಹೋದದ್ದು ಅಲ್ಲಿಗೇ. ಹೊಟ್ಟೆ ಉಬ್ಬಿದಾಗ ಅದರ ಮೇಲಿರುವ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ, ಕೆರಳಬಹುದು. ಜಠರದ ಆಮ್ಲ ಅನ್ನನಾಳಕ್ಕೆ ಏರಿದರೆ, ಮೆದುಳಿನಿಂದ ಎದೆ, ಹೊಟ್ಟೆಗಳಿಗೆ ಇಳಿಯುವ ವೇಗಸ್ ನರವೂ ಕೆರಳಬಹುದು. ವಪೆ ಹಠಾತ್ತನೆ ಹಿಡಿದುಕೊಳ್ಳುವುದೇ ಬಿಕ್ಕಳಿಕೆ. ಅದೇ ವೇಗಸ್ ನರದ ಕವಲುಗಳು ಹೃದಯಕ್ಕೂ ಹೋಗುತ್ತವೆ. ಆದ್ದರಿಂದ ಕೆಲವರಿಗೆ ಹೊಟ್ಟೆ ತುಂಬಿದಾಗ ಎರಡೂ ತೊಂದರೆ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ.

ಬಡಿತ ತಪ್ಪಿದಂತೆ ಎಂದಿರಲ್ಲ, ನಿಜದಲ್ಲಿ ಹೆಚ್ಚಾಗಿ ಆಗುವುದು ಬೇರೆ. ಒಂದು ಬಡಿತ ಸಮಯಕ್ಕೆ ಮುಂಚೆಯೇ ಬಂದುಬಿಡುತ್ತದೆ, ಅದು ಗೊತ್ತೇ ಆಗುವುದಿಲ್ಲ. ನಂತರದ ಬಿಡುವಿನಲ್ಲಿ ಹೃದಯ ಹೆಚ್ಚು ರಕ್ತ ತುಂಬಿಕೊಂಡು ಜೋರಾಗಿ ಹಿಂಡುತ್ತದೆ, ನಿಮಗೆ ಗುದ್ದಿದಂತೆ ಅನ್ನಿಸುವುದು ಅದೇ. ಎಡಮಗ್ಗುಲಲ್ಲಿ ಮಲಗಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೃದಯ ಆರೋಗ್ಯವಾಗಿದ್ದವರಲ್ಲಿ ಇದು ಸಾಮಾನ್ಯವಾಗಿ ಅಪಾಯದ್ದಲ್ಲ.

ಹಾಗೆಂದು ಎಲ್ಲವನ್ನೂ ಗ್ಯಾಸ್ಟ್ರಿಕ್ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಇಸಿಜಿ ಹಿಡಿಯುವುದು ಕೆಲವು ಸೆಕೆಂಡುಗಳನ್ನಷ್ಟೇ. ಆಗ ಎದೆ ಸುಮ್ಮನಿದ್ದರೆ ಕಾಗದದ ಮೇಲೆ ಏನು ಬಂದೀತು? ತೊಂದರೆ ದಿನಾ ಬರುವುದರಿಂದ 24 ಗಂಟೆಯ ಹೋಲ್ಟರ್, ಅಂದರೆ ಮೈಮೇಲೆ ಧರಿಸಿ ದಿನವಿಡೀ ಬಡಿತ ದಾಖಲಿಸುವ ಪುಟ್ಟ ಯಂತ್ರ, ಹಾಕಿಸಿಕೊಳ್ಳುವುದು ಒಳ್ಳೆಯದು. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸೋಡಿಯಂ, ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡಿಸಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ, ರಕ್ತ ಕಡಿಮೆಯಾದಾಗಲೂ ಎದೆ ಹೀಗೇ ಬಡಿದುಕೊಳ್ಳುತ್ತದೆ. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಯ್ದು ತೋರಿಸಿ. ಆಸ್ತಮಾದ ಕೆಲವು ಇನ್‌ಹೇಲರ್, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆ ಎದೆಬಡಿತ ಏರಿಸಬಹುದು. ಕೆಲವು ಸ್ಟಿರಾಯ್ಡ್‌ಗಳು ಬಿಕ್ಕಳಿಕೆ ತರುತ್ತವೆ. ಆಮ್ಲ ತಗ್ಗಿಸುವ ಕೆಲವು ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡರೆ ಮೆಗ್ನೀಸಿಯಂ ಇಳಿದು ಬಡಿತದ ಲಯ ಕೆಡಬಹುದು.

ಈಗಲೇ ಒಂದು ಕೆಲಸ ಮಾಡಿ. ಎದೆ ಹೊಡೆದುಕೊಂಡಾಗ ಮಣಿಕಟ್ಟಿನಲ್ಲಿ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಆ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ತಟ್ಟಿ ನೋಡಿ. ಸಮವೋ, ಅಡ್ಡಾದಿಡ್ಡಿಯೋ? ಒಮ್ಮೆಲೇ ಶುರುವಾಯಿತೋ, ಮೆಲ್ಲಗೆ ಏರಿತೋ? ಬರೆದಿಡಿ. ನನ್ನ ಮುಂದೆ ಕುಳಿತವರು ಹೀಗೆ ತಟ್ಟಿ ತೋರಿಸಿದರೆ ಅರ್ಧ ದಾರಿ ಸಿಕ್ಕಿದಂತೆಯೇ. ರಾತ್ರಿ ಊಟಕ್ಕೂ ನಿದ್ದೆಗೂ 3 ಗಂಟೆ ಅಂತರವಿರಲಿ. ಕಾಫಿ ತಗ್ಗಿಸಿ.

ಬಿಕ್ಕಳಿಕೆ ನಿಲ್ಲದೆ 48 ಗಂಟೆ ದಾಟಿದರೆ ವೈದ್ಯರನ್ನು ಕಾಣಿ. ಎದೆನೋವು, ಉಸಿರುಕಟ್ಟು, ತಣ್ಣನೆ ಬೆವರು, ಎಚ್ಚರ ತಪ್ಪುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ.