ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸವೆದಿದೆ, ಮನೆಯಲ್ಲೇ ಬದಲಿಸಬಹುದೇ?

ಧಾರಾಳವಾಗಿ ಬದಲಿಸಬಹುದು, ಹತ್ತು ನಿಮಿಷವೂ ಹಿಡಿಯುವುದಿಲ್ಲ. ಮೊದಲು ಹಳೆಯ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ರಬ್ಬರ್ ಉಂಗುರದ ಮೇಲೆ ಉಗುರು ಆಡಿಸಿದರೆ ಕೂದಲೆಳೆಯಂಥ ಬಿರುಕುಗಳು ಕೈಗೆ ಸಿಗುತ್ತವೆ. ಕೆಲವೊಮ್ಮೆ ಅದು ಒಂದು ಕಡೆ ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ. ಪೆಟ್ರೋಲ್ ಆವಿ ಸೋರುವುದು ಅಲ್ಲಿಂದಲೇ. ಈ ಸೋರಿಕೆಯನ್ನು ಪತ್ತೆಹಚ್ಚುವ ವ್ಯವಸ್ಥೆ ಇರುವ ಕಾರುಗಳಲ್ಲಿ ಎಂಜಿನ್ ಎಚ್ಚರಿಕೆ ದೀಪವೂ ಹೊತ್ತಿಕೊಳ್ಳುತ್ತದೆ.

ಹೊಸದನ್ನು ಕೊಳ್ಳುವಾಗ ಕಾರಿನ ಮಾದರಿ ಮತ್ತು ತಯಾರಾದ ವರ್ಷ ಎರಡನ್ನೂ ಹೇಳಿ. ನೋಡಲು ಒಂದೇ ತರಹ ಕಂಡರೂ ಮುಚ್ಚಳದೊಳಗಿನ ಒತ್ತಡದ ಕವಾಟ ಬೇರೆ ಬೇರೆ ಇರುತ್ತದೆ. ಅಂದಾಜಿನಲ್ಲಿ ತಂದು ತಿರುಗಿಸಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ.

ಎಂಜಿನ್ ಆರಿಸಿ, ಬಯಲಲ್ಲಿ ಕೆಲಸ ಮಾಡಿ. ಬೆಂಕಿ, ಸಿಗರೇಟು ಹತ್ತಿರ ಸುಳಿಯಬಾರದು. ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ, ಬುಸ್ ಎಂದು ಆವಿ ಹೊರಬಂದರೆ ಅದು ನಿಲ್ಲುವವರೆಗೆ ತಾಳಿ. ಅದಕ್ಕೆ ಪ್ಲಾಸ್ಟಿಕ್ ಪಟ್ಟಿಯಿದ್ದರೆ, ಅದರ ತುದಿಯ ಗುಂಡಿ ಸಾಮಾನ್ಯವಾಗಿ ಕಾರಿನ ಬಾಡಿಯ ಅಥವಾ ಮುಚ್ಚಳದ ಹೊರಗಿನ ಪುಟ್ಟ ಬಾಗಿಲಿನ ಒಂದು ರಂಧ್ರದಲ್ಲಿ ಸಿಕ್ಕಿಕೊಂಡಿರುತ್ತದೆ. ಅಲುಗಾಡಿಸುತ್ತ ಎಳೆದರೆ ಬರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಬಣ್ಣ ಕೆರೆದುಹೋದೀತು. ಹೊಸ ಪಟ್ಟಿಯನ್ನು ಅದೇ ರಂಧ್ರಕ್ಕೆ ಒತ್ತಿ.

ಪೆಟ್ರೋಲ್ ತುಂಬುವ ಕೊಳವೆಯ ಬಾಯಿಯ ಅಂಚನ್ನು ಒಣ ಬಟ್ಟೆಯಿಂದ ಒರೆಸುವುದನ್ನು ಮರೆಯಬೇಡಿ. ಅಲ್ಲಿ ಕುಳಿತ ಮರಳಿನ ಕಣವೊಂದೇ ಹೊಸ ರಬ್ಬರನ್ನೂ ಹಾಳುಮಾಡಬಲ್ಲದು. ನಂತರ ಟಿಕ್ ಟಿಕ್ ಸದ್ದು ಬರುವವರೆಗೆ ಬಿಗಿಮಾಡಿ.

ಎಚ್ಚರಿಕೆ ದೀಪ ಕೂಡಲೇ ಆರದಿದ್ದರೆ ಗಾಬರಿ ಬೇಡ, ಕೆಲವು ಬಾರಿ ಓಡಿಸಿದ ಮೇಲೆ ಆರುತ್ತದೆ. ಪೆಟ್ರೋಲ್ ವಾಸನೆ ಮಾತ್ರ ಹಾಗೆಯೇ ಉಳಿದರೆ ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ. ಆ ಕೊಳವೆಯೋ ಬೇರೆ ಪೈಪೋ ಸೋರುತ್ತಿರಬಹುದು.