ಜಪಾನಿನ ಕಾರ್ಖಾನೆಯಲ್ಲಿ ಬೆರಳು ತೋರಿಸಿ ಕೂಗುವುದು ಯಾಕೆ?

ಪ್ರಶ್ನೆ: ನಾನು ತುಮಕೂರಿನವನು. ಜಪಾನಿನ ಐಚಿಯಲ್ಲಿ ಬಿಡಿಭಾಗಗಳಿಗೆ ಪೇಂಟ್ ಹೊಡೆಯುವ ಕಡೆ ಕೆಲಸ ಸಿಕ್ಕಿದೆ. ಪೇಂಟ್ ತೆಳುವಾಗಿಸುವ ದ್ರಾವಕ ಇದೆಯಲ್ಲ, ಆ ಥಿನ್ನರ್ ಜೊತೆಗೇ ದಿನವಿಡೀ ಕೆಲಸ. ತರಬೇತಿಯಲ್ಲಿ, ಪರೀಕ್ಷಿಸುವ ವಸ್ತುವಿಗೆ ಬೆರಳು ತೋರಿಸಿ 'ಸರಿ ಇದೆ' ಅಂತ ಕೂಗಬೇಕಂತೆ. ಸುಮ್ನೆ ಶಾಸ್ತ್ರಕ್ಕಾ ಸಾರ್? ನನಗೆ ಜಪಾನಿ ಭಾಷೆ ಬೇರೆ ಅಷ್ಟಕ್ಕಷ್ಟೇ.

ಉತ್ತರ: ಶಾಸ್ತ್ರಕ್ಕಲ್ಲ, ಮನಸ್ಸಿಟ್ಟು ಕೂಗಿ. 1994ರಲ್ಲಿ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ಒಂದು ಪ್ರಯೋಗ ಮಾಡಿತ್ತು. ಸುಮ್ಮನೆ ಗುಂಡಿ ಒತ್ತುವುದಕ್ಕಿಂತ, ಬೆರಳು ತೋರಿಸಿ ಬಾಯಿಬಿಟ್ಟು ಹೇಳಿ ಒತ್ತಿದಾಗ ತಪ್ಪುಗಳು ಸುಮಾರು ಆರನೇ ಒಂದು ಭಾಗಕ್ಕೆ ಇಳಿದವು.

ಆದರೆ ಕೂಗುವ ಮುಂಚಿನ ಮಾತುಕತೆ ಅದಕ್ಕಿಂತ ಮುಖ್ಯ. ಅದನ್ನು ಅಲ್ಲಿ 'ಕೆವೈ' ಅಂತಾರೆ, ಅಪಾಯವನ್ನು ಮೊದಲೇ ಊಹಿಸುವ ಅಭ್ಯಾಸ. ಡ್ರಮ್ಮಿನಿಂದ ಸಣ್ಣ ಡಬ್ಬಿಗೆ ಥಿನ್ನರ್ ಬಗ್ಗಿಸಬೇಕು ಅಂದುಕೊಳ್ಳಿ. ನಾಲ್ಕೈದು ಜನ ನಿಂತು, ಇಲ್ಲಿ ಏನೇನು ಆಗಬಹುದು ಅಂತ ಒಬ್ಬೊಬ್ಬರೂ ಹೇಳುತ್ತಾರೆ: ಸ್ಥಿರ ವಿದ್ಯುತ್ತಿನ ಕಿಡಿ ಹಾರಿ ಆವಿಗೆ ಬೆಂಕಿ ಹತ್ತಬಹುದು, ಫ್ಯಾನ್ ಹಾಕದಿದ್ದರೆ ತಲೆ ಸುತ್ತಬಹುದು. ಅದರಲ್ಲಿ ದೊಡ್ಡ ಅಪಾಯ ಯಾವುದು ಅಂತ ಆರಿಸಿ, ಏನು ಮಾಡಬೇಕು ಅಂತ ಯೋಚಿಸಿ, ಕೊನೆಗೆ ಇವತ್ತು ಇದನ್ನು ಮಾಡೇ ಮಾಡುತ್ತೇವೆ ಅಂತ ಒಂದನ್ನು ಗಟ್ಟಿ ಮಾಡಿಕೊಳ್ಳುತ್ತಾರೆ. ಆಮೇಲೆ, ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಕ್ಲಿಪ್ಪಿಗೆ ಬೆರಳು ತೋರಿಸಿ 'ಯೋಶಿ!' ಅನ್ನುತ್ತಾರೆ, ಸರಿ ಇದೆ ಅಂತ. ಕ್ಲಿಪ್ ಕಚ್ಚಿರುವುದನ್ನು ಕಣ್ಣಾರೆ ನೋಡದೆ ಕೂಗಿದರೆ ಏನೂ ಪ್ರಯೋಜನವಿಲ್ಲ.

'ಈ ರಾಸಾಯನಿಕ ಕಾನೂನಿನ ಪಟ್ಟಿಯಲ್ಲಿಲ್ಲ, ಏನೂ ಆಗಲ್ಲ' ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಒಸಾಕಾದ ಒಂದು ಮುದ್ರಣಾಲಯದಲ್ಲಿ ಯಂತ್ರ ಒರೆಸುತ್ತಿದ್ದ ಚಿಕ್ಕ ವಯಸ್ಸಿನ ಕೆಲಸಗಾರರಿಗೆ ಪಿತ್ತನಾಳದ ಕ್ಯಾನ್ಸರ್ ಬಂದಿದ್ದು 2012ರಲ್ಲಿ ಬಯಲಾಯಿತು. ಅವರು ಬಳಸುತ್ತಿದ್ದ ದ್ರಾವಕದಲ್ಲಿದ್ದ 1,2-ಡೈಕ್ಲೋರೋಪ್ರೊಪೇನ್ ಮೇಲೆ ಆಗ ವಿಶೇಷ ನಿರ್ಬಂಧವೇ ಇರಲಿಲ್ಲ. ಗಾಳಿಯೂ ಸರಿಯಾಗಿ ಆಡದ ಕೋಣೆ ಅದು. ಈಗ ನಿಯಮ ಬಿಗಿಯಾಗಿದೆ. 2024ರ ಏಪ್ರಿಲ್‌ನಿಂದ ಇಂಥ ರಾಸಾಯನಿಕ ಬಳಸುವ ಕಡೆಯಲ್ಲೆಲ್ಲ, ಕಂಪನಿ ಎಷ್ಟೇ ಚಿಕ್ಕದಿರಲಿ, ರಾಸಾಯನಿಕಗಳ ಉಸ್ತುವಾರಿಗೆ ಒಬ್ಬರನ್ನು ನೇಮಿಸಲೇಬೇಕು. ಅವರು ಯಾರು ಅಂತ ಮೊದಲ ದಿನವೇ ಕೇಳಿಕೊಳ್ಳಿ.

ಇನ್ನು ಭಾಷೆ. ಅರ್ಥವಾಗದೆ 'ಹಾಯ್, ಹಾಯ್' (ಜಪಾನಿಯಲ್ಲಿ 'ಹೌದು, ಹೌದು') ಅಂತ ತಲೆಯಾಡಿಸಲೇಬೇಡಿ, ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇದರದ್ದೇ. ವಿದೇಶಿ ಕೆಲಸಗಾರರಿಗೆ ತಿಳಿಯುವ ಹಾಗೆ ಹೇಳಿಕೊಡಬೇಕು ಅಂತ ಸರ್ಕಾರದ ಮಾರ್ಗಸೂಚಿಯೇ ಇದೆ. ಕಾರ್ಮಿಕ ಸಚಿವಾಲಯದ ತರಬೇತಿ ಸಾಮಗ್ರಿ ಇಂಗ್ಲಿಷಿನಲ್ಲೂ ಸಿಗುತ್ತದೆ, ಕೇಳಿ ಪಡೆಯಿರಿ. ಡಬ್ಬಿಯ ಮೇಲೆ ಕೆಂಪು ಅಂಚಿನ ಓರೆ ಚೌಕದೊಳಗೆ ಇರುವ ಅಪಾಯಸೂಚಕ ಚಿತ್ರಗಳು ಅಂತರರಾಷ್ಟ್ರೀಯ ಪದ್ಧತಿಯವು, ಹೊರಡುವ ಮೊದಲೇ ಕಲಿತುಕೊಳ್ಳಿ. ಹಾಗೇ ದ್ರಾವಕದ ಕೆಲಸಕ್ಕೆ ಸೇರುವಾಗ, ಆಮೇಲೆ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ, ವಿಶೇಷ ಆರೋಗ್ಯ ತಪಾಸಣೆ ಇರುತ್ತದೆ. ತಪ್ಪಿಸಬೇಡಿ, ರಿಪೋರ್ಟಿನ ಪ್ರತಿ ನಿಮ್ಮ ಹತ್ತಿರವೇ ಇರಲಿ.