ಓದುಗರ ಪ್ರಶ್ನೆ: ಫ್ಲಾಪಿ ಓದ್ತಿಲ್ಲ, ಡ್ರೈವ್ ಹೋಯ್ತಾ?

ಪ್ರಶ್ನೆ: ಸರ್, ತಿಪಟೂರಲ್ಲಿ ನಮ್ಮ ತಂದೆಯವರು ಕೊಬ್ಬರಿ ಮಂಡಿ ಲೆಕ್ಕ ಎಲ್ಲಾ ಹಳೇ ಪಿಸಿ ಎಕ್ಸ್‌ಟಿಲಿ ಇಡ್ತಿದ್ರು, ಐದೂಕಾಲು ಇಂಚಿನ ಫ್ಲಾಪಿ ಡ್ರೈವ್ ಎರಡಿದೆ. ಎ ಡ್ರೈವಲ್ಲಿ ಡಾಸ್ ಬೂಟ್ ಆಗುತ್ತೆ, ಬಿ ಡ್ರೈವಿಗೆ ಲೆಕ್ಕದ ಫ್ಲಾಪಿ ಹಾಕಿದ್ರೆ 'ಡೇಟಾ ಎರರ್ ರೀಡಿಂಗ್ ಡ್ರೈವ್ ಬಿ' ಅಂತ ಬರುತ್ತೆ. ಬೇರೆ ಬೇರೆ ಫ್ಲಾಪಿ ಹಾಕಿ ನೋಡಿದ್ವಿ, ಮೊದ್ಲು ಓದ್ತಿದ್ದಿದ್ದೂ ಈಗ ಓದ್ತಿಲ್ಲ. ಬೇರೆ ಡ್ರೈವ್ ಹುಡುಕ್ಬೇಕಾ?

ಉತ್ತರ: ಡ್ರೈವ್ ಹುಡುಕೋ ಮಾತು ಆಮೇಲೆ. ಮೊದ್ಲು ಆ ಬಿ ಡ್ರೈವಿಗೆ ಇನ್ನೊಂದು ಲೆಕ್ಕದ ಫ್ಲಾಪಿನೂ ಹಾಕ್ಬೇಡಿ, ದಯವಿಟ್ಟು. ಓದ್ತಿದ್ದ ಫ್ಲಾಪಿನೂ ಆಮೇಲೆ ಓದ್ತಿಲ್ಲ ಅಂದ್ರೆ ಬಹುತೇಕ ಮಧ್ಯದಲ್ಲಿ ಬೂಷ್ಟು ಹಿಡಿದಿದ್ದು ಯಾವುದೋ ಒಂದು ಒಳಗೆ ಹೋಗಿ ಅದರ ಕಂದು ಲೇಪನ ಕಿತ್ತು ಡ್ರೈವಿನ ಹೆಡ್‌ಗೆ (ಫ್ಲಾಪಿ ಓದೋ, ಬರೆಯೋ ಭಾಗ) ಅಂಟ್ಕೊಂಡಿದೆ, ಈಗ ಆ ಕೊಳೆ ನೀವು ಹಾಕೋ ಪ್ರತಿ ಫ್ಲಾಪಿನೂ ಗೀರುತ್ತೆ, ಗೀರು ಬಿದ್ದ ಜಾಗದ ಲೆಕ್ಕ ಮತ್ತೆ ಸಿಗಲ್ಲ.

ಫ್ಲಾಪಿನ ಕಿಟಕಿ ಬೆಳಕಿಗೆ ಓರೆ ಹಿಡೀರಿ. ಉದ್ದ ಕಿಂಡಿಲಿ ಕಾಣೋ ಡಿಸ್ಕ್ ಮುಟ್ಟದೆ, ನಡುವಿನ ತೂತಿಗೆ ಬೆರಳು ಹಾಕಿ ನಿಧಾನ ತಿರುಗಿಸಿ. ಬಿಳಿ ಮಬ್ಬು ಚುಕ್ಕೆನೋ ಉಂಗುರದ ಥರ ಗೆರೆನೋ ಕಂಡ್ರೆ ಅದನ್ನ ಬೇರೆ ಇಡಿ, ಎ ಡ್ರೈವಿಗೂ ಹಾಕ್ಬೇಡಿ.

ಆಮೇಲೆ ಪ್ಲಗ್ ಕಿತ್ತು ಡ್ರೈವ್ ಬಿಚ್ಚಿ. 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಹತ್ತಿ ಕಡ್ಡಿ ಅದ್ದಿ ಎರಡೂ ಹೆಡ್ ಒರೆಸಿ, ಕಡ್ಡಿಗೆ ಕಂದು ಬಣ್ಣ ಬರೋದು ನಿಲ್ಲೋವರೆಗೂ. ಮೇಲಿನ ಹೆಡ್ ತೆಳು ಸ್ಪ್ರಿಂಗ್ ಮೇಲೆ ಕೂತಿರುತ್ತೆ, ಜಾಸ್ತಿ ಎತ್ತಿದ್ರೆ ಬಗ್ಗಿ ಡ್ರೈವೇ ಹೋಗುತ್ತೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತೆ. ಹೆಡ್ ಓಡಾಡೋ ಸರಳಿನ ಮೇಲೆ ಒಣಗಿದ ಗ್ರೀಸ್ ಇದ್ರೆ ಒರೆಸಿ ಹೊಲಿಗೆ ಮಷಿನ್ ಎಣ್ಣೆ ಒಂದೇ ತೊಟ್ಟು ಸಾಕು, ಮನೇಲಿದೆ ಅಂತ ಕೊಬ್ಬರಿ ಎಣ್ಣೆ ಹಚ್ಬೇಡಿ, ಚಳಿಗೆ ಗಟ್ಟಿಯಾಗಿ ಹೆಡ್ ಸಿಕ್ಕಾಕ್ಕೊಳ್ಳುತ್ತೆ.

ಖಾಲಿ ಫ್ಲಾಪಿ ಒಂದನ್ನ ಅದೇ ಡ್ರೈವಲ್ಲಿ ಫಾರ್ಮ್ಯಾಟ್ ಮಾಡಿ, ಎ ಡ್ರೈವಲ್ಲಿ ಓದಿಸಿ ನೋಡಿ. ಬಿ ಡ್ರೈವಲ್ಲಿ ಓದಿ ಎ ಡ್ರೈವಲ್ಲಿ ಓದ್ಲಿಲ್ಲ ಅಂದ್ರೆ ಎರಡರಲ್ಲೊಂದರ ಅಲೈನ್‌ಮೆಂಟ್, ಅಂದ್ರೆ ಹೆಡ್ ನಿಲ್ಲೋ ಜಾಗ, ಜರುಗಿದೆ. ಎರಡರಲ್ಲೂ ಸರಿ ಇಲ್ಲ ಅಂದ್ರೆ ಸ್ಪೀಡ್ ನೋಡಿ, ನಿಮಿಷಕ್ಕೆ 300 ಸುತ್ತು ಇರ್ಬೇಕು. ಕೆಲವು ಡ್ರೈವಲ್ಲಿ ತಳದ ಚಕ್ರದ ಮೇಲೆ 50 ಮತ್ತು 60 ಅಂತ ಎರಡು ಸುತ್ತು ಕಪ್ಪು ಪಟ್ಟಿ ಇರುತ್ತೆ, ನಮ್ಮ ಕರೆಂಟಿಗೆ 50ರದ್ದು. ಹಳೇ ಚೋಕಿನ ಟ್ಯೂಬ್‌ಲೈಟ್ ಕೆಳಗೆ ಮೋಟರ್ ಓಡಿಸಿದ್ರೆ ಆ ಪಟ್ಟಿ ನಿಂತಂಗೇ ಕಾಣ್ಬೇಕು, ಮುಂದಕ್ಕೋ ಹಿಂದಕ್ಕೋ ಜಾರಿದ್ರೆ ಸ್ಪೀಡ್ ತಪ್ಪಿದೆ. ಎಲ್‌ಇಡಿ ಬೆಳಕಲ್ಲಿ ಇದನ್ನ ನಂಬೋಕಾಗಲ್ಲ.

ಓದೋಕೆ ಶುರುವಾದ ದಿನವೇ ಎಲ್ಲಾ ಫ್ಲಾಪಿ ಕಾಪಿ ತೆಗೀರಿ. ಗ್ರೀಸ್‌ವೀಸಲ್ ಅನ್ನೋ ಚಿಕ್ಕ ಬೋರ್ಡ್ ಸಿಗುತ್ತೆ, ಹಳೇ ಡ್ರೈವನ್ನೇ 34 ಪಿನ್ ಕೇಬಲ್‌ನಲ್ಲಿ ಅದಕ್ಕೆ ಸೇರಿಸಿ ಯುಎಸ್‌ಬಿಲಿ ಈಗಿನ ಕಂಪ್ಯೂಟರಿಗೆ ಇಳಿಸ್ಕೋಬಹುದು, ಡ್ರೈವಿಗೆ 5 ಮತ್ತು 12 ವೋಲ್ಟ್ ಬೇರೆ ಕೊಡ್ಬೇಕು. ತಂದೆಯವರ ಕೈಬರಹದ ಲೇಬಲ್ ಕೀಳ್ಬೇಡಿ, ಫೋಟೋ ತೆಗೆದಿಡಿ, ಯಾವ ಫೈಲ್ ಯಾವ ವರ್ಷದ್ದು ಅಂತ ಗೊತ್ತಾಗೋದು ಅದ್ರಿಂದಲೇ.

ಪ್ರಶ್ನೆ: 1.2 ಎಂಬಿ ಡ್ರೈವಲ್ಲಿ ಬರೆದ 360 ಕೆಬಿ ಫ್ಲಾಪಿನ ನಮ್ಮ ಎಕ್ಸ್‌ಟಿ ಓದಲ್ಲ ಯಾಕೆ? – ಚಿಂತಾಮಣಿ ಓದುಗರು

ಉತ್ತರ: 1.2ರ ಹೆಡ್ ಸಣ್ಣದು, ಅದು ಬರೆಯೋ ಟ್ರ್ಯಾಕ್ (ಡಿಸ್ಕ್ ಮೇಲೆ ಸುತ್ತಲೂ ಬರೆಯೋ ಗೆರೆ) ಅರ್ಧ ಅಗಲ, ಪಕ್ಕದಲ್ಲಿ ಹಳೇ ಬರಹ ಉಳ್ಕೊಂಡು 360ರ ಅಗಲ ಹೆಡ್‌ಗೆ ಎರಡೂ ಕೇಳ್ಸುತ್ತೆ. ಎಕ್ಸ್‌ಟಿಲೇ ಬರೀರಿ, 1.2ರಲ್ಲಿ ಬರೀ ಓದಿ.